ವಿರಾಗ್

ಜೂನ್ ನಡುಭಾಗ. ಗಾಳಿ ಬಿದ್ದ ಸಂಜೆ.
ಹಗ್ಗದ ದೋಣಿಯ ಗೆದೆಯೋನ್ ಎಳೆಯುವುದನ್ನು ಬಿಟ್ಟು
ಸಿಗರೇಟನ್ನು ಕಿವಿಯ ಸಂದಿಗೆ ಸಿಕ್ಕಿಸಿ
"ಮಾತಾಡಬೇಡಿ" ಎಂದ.
ದೋಣಿಯಲ್ಲಿದ್ದದ್ದು ನಾವು ಮೂವರು, ಎರಡು ಸೈಕಲ್ಲು,
ಒಂದು ಬುಟ್ಟಿ ಹುಳಿ ಚೆರ್ರಿ.

ಮೊದಲು ಒಂದು. ಆಮೇಲೆ ಹತ್ತು.
ಆಮೇಲೆ ಎಣಿಸುವವರೇ ಇಲ್ಲ.
ತಿಸಾ ನದಿಯ ರಾಡಿ ನೀರು ತನ್ನ ತೊಗಲನ್ನೇ ಸುಲಿದುಕೊಂಡು
ಮೇಲೆದ್ದಿತೋ ಎಂಬಂತೆ
ಹಳದಿ ಮೈ, ಕಂದು ರೆಕ್ಕೆ,
ಮೈಗಿಂತ ಉದ್ದ ಬಾಲದ ಎಳೆ.
ನನ್ನ ತೋಳಿನ ಮೇಲೆ ಕೂತದ್ದೊಂದು
ಅಲ್ಲೇ ಅಂಗಿ ಕಳಚಿಟ್ಟು ಹೋಯಿತು.

"ತಿಸಾವಿರಾಗ್" ಎಂದಳು ಬೋರ್ಕಾ. ವಿರಾಗ್ ಅಂದರೆ ಹೂವು.
ಹೊಳೆಗೆ ಹೂ ಬಿಡುವ ಕಾಲವಂತೆ ಇದು.
ಹುಳವನ್ನು ಹುಳವೆನ್ನದೆ ಹೂವೆಂದವರು ಯಾರು ಮೊದಲು?
ಮೀನಿನವರು, ಎಂದ ಗೆದೆಯೋನ್.
ಬಟ್ಟೆ ಒಗೆಯಲು ಬಂದ ಹೆಂಗಸರು, ಎಂದಳು ಅವನ ಹೆಂಡತಿ.
ಲೊರಾಂದ್ ಮೇಷ್ಟ್ರು ಇನ್ನೂ ಹಿಂದಕ್ಕೆ, ಗ್ರೀಕರ ತನಕ ಹೋದರು:
"ಒಂದೇ ದಿನದ್ದು", ಅದರ ಕುಲಕ್ಕೇ ಅದು ಹೆಸರಂತೆ.
"ದಿನವೆಲ್ಲಿ ಬಂತು ಮೇಷ್ಟ್ರೇ," ಗೆದೆಯೋನ್ ನಕ್ಕ,
"ಗಂಟೆ ಮೂರು. ಅದೂ ಹೊತ್ತು ಮುಳುಗದಿದ್ದರೆ."

ನನ್ನ ಕಿವಿಯಲ್ಲಿ ಮಾತ್ರ ಆ ಪದ
ಬೇರೆ ಊರಿನ ಬೇರೆ ಬಾಗಿಲು ತಟ್ಟುತ್ತಿತ್ತು.
ವಿರಾಗ? ಇವಕ್ಕೆ?
ಉಣ್ಣಲು ಬಾಯಿಲ್ಲ, ನಾಳೆಯೆಂಬ ನೆಪವಿಲ್ಲ,
ರೆಕ್ಕೆಗೆ ರೆಕ್ಕೆ ಉಜ್ಜಿ ನೀರೆಲ್ಲ ಸರಸರ,
ತಲೆಯಿಂದ ಬಾಲದವರೆಗೆ ಬರೀ ರಾಗ.
ಬಸಿರಾದವು ಹರಿವಿಗೆದುರಾಗಿ ಹಾರುತ್ತವೆ,
ಎಷ್ಟೋ ದೂರ,
ಮೊಟ್ಟೆ ತೇಲುತ್ತ ಕೆಳಗಿಳಿದು
ತಾವು ಹುಟ್ಟಿದ ಜೇಡಿಗೇ ಸೇರಲೆಂಬ ಲೆಕ್ಕದಲ್ಲಿ.

ಬೋರ್ಕಾ ಚೆರ್ರಿಗಳ ನಡುವಿಂದ ಸತ್ತವನ್ನು ಆರಿಸುತ್ತ
ಯಾರ ಮುಖವನ್ನೂ ನೋಡದೆ ಅಂದಳು:
"ಮೂರು ಗಂಟೆ ಅಂತ ಬರೆದುಕೊಳ್ಳಬೇಡಿ.
ದಂಡೆಯ ಮಣ್ಣೊಳಗೆ ಮೂರು ವರ್ಷ
ಕತ್ತಲಲ್ಲಿ ಬದುಕಿದ್ದು ಯಾರ ಖಾತೆಗೆ?
ನಮ್ಮ ಮಗಳದ್ದೂ ಹಾಗೇ ಬರೆದರು ಆಸ್ಪತ್ರೆಯವರು,
ನಲವತ್ತು ನಿಮಿಷ.
ಅದಕ್ಕೂ ಮೊದಲು ಎಷ್ಟು ಒದ್ದಿದ್ದಳು, ನನಗೆ ಗೊತ್ತು."

ಗೆದೆಯೋನ್ ಸಿಗರೇಟು ಹಚ್ಚಲಿಲ್ಲ.
ಹೆಸರೇನಿಟ್ಟಿರಿ ಎಂದು ನಾನು ಕೇಳಲಿಲ್ಲ;
ಕೇಳಬೇಕಾಗಿರಲಿಲ್ಲ.

ಆಚೆ ದಡ ಮುಟ್ಟುವಷ್ಟರಲ್ಲಿ
ಹೊಳೆ ಮತ್ತೆ ಬರೀ ಹೊಳೆ.
ಹಗ್ಗದ ಮೇಲೆ, ಸೈಕಲ್ಲಿನ ಗಂಟೆಯ ಮೇಲೆ, ಅವನ ಟೋಪಿಯ ಅಂಚಿನಲ್ಲಿ
ಖಾಲಿ ಅಂಗಿಗಳು.
ಕೊಡವಲು ಹೋದ ನನ್ನ ಕೈ ತಡೆದು
"ಇರಲಿ ಬಿಡಿ," ಎಂದ,
"ಗಾಳಿ ಬಂದಾಗ ತಾವೇ ಹೋಗುತ್ತವೆ."