ಸ್ಟಾವ್ರೂಲಾ ಮನೆಮುಂದಿನ ಗುಂಡಿ

ಕೊಬರ್ಗಿನ ಆ ಬೀದಿಯಲ್ಲಿ ನಾವು ರಸ್ತೆ ಅಗೆದಾಗ
ಮೊದಲು ಹೊರಬಂದದ್ದು ಸ್ಟಾವ್ರೂಲಾ,
ಕೈಯಲ್ಲಿ ಪೊರಕೆ, ಕಾಲಲ್ಲಿ ತೀರಿಹೋದ ಗಂಡನ ಚಪ್ಪಲಿ.
"ನಲವತ್ತು ವರ್ಷ ಇಲ್ಲಿ ಕಾರು ನಿಂತಿದೆ.
ಈಗ ಹುಲ್ಲು ನಿಲ್ಲಿಸುತ್ತೀರಾ?"

ಹುಲ್ಲಲ್ಲ, ಜೊಂಡು, ಎಂದ ಎಂಜಿನಿಯರ್ ಲಾಕ್ಲನ್.
ನಕ್ಷೆ ಬಿಡಿಸಿದ: ಅಡಿಗೆ ಜಲ್ಲಿ, ಮೇಲೆ ಮರಳು,
ಮರಳಿನ ಮೇಲೆ ಮಣ್ಣು, ತಳದಲ್ಲೊಂದು ತೂತುತೂತು ಪೈಪು.
ಸೂರಿನ ನೀರು, ರಸ್ತೆಯ ನೀರು
ಇಲ್ಲಿ ಕೂತು ದಣಿವಾರಿಸಿಕೊಂಡು ಆಮೇಲೆ ಹೊಳೆಗೆ.
ಅವಳು ನಕ್ಷೆ ನೋಡಲಿಲ್ಲ.
ಆಗಷ್ಟೇ ತೊಳೆದ ಮೆಟ್ಟಿಲ ಮೇಲಿದ್ದ ನನ್ನ ಬೂಟು ನೋಡಿದಳು.
"ನೀರಿಗೂ ಪಾರ್ಕಿಂಗ್ ಬೇಕಂತೆ!"
ಎದುರುಮನೆಗೆ ಕೇಳುವ ಹಾಗೆ.

ಅಲ್ಲಿಂದ ಎಂಟು ನಿಮಿಷ ನಡೆದರೆ ಮೆರಿ ಹೊಳೆ.
ಈ ನೆಲದ ಮೊದಲಿಗರ ನುಡಿಯಲ್ಲಿ
ಮೆರಿ-ಮೆರಿ ಅಂದರೆ ಕಲ್ಲುಕಲ್ಲು;
ನಮ್ಮ ಹಾಗೇ ಎರಡು ಸಲ ಹೇಳಿ ಒತ್ತುವ ಮಾತು.
ಮಳೆಯ ಮರುದಿನ ಅಲ್ಲಿ ಮೆರೆಯುವುದು ಮಾತ್ರ
ವಿಲೋ ಕೊಂಬೆಗೆ ಸಿಕ್ಕ ಚಿಪ್ಸಿನ ಪೊಟ್ಟಣ,
ನಾಯಿಹೇಲು, ಬ್ರೇಕಿನ ಪುಡಿ,
ಡೀಸೆಲ್ ಬರೆದ ಕಾಮನಬಿಲ್ಲು.

ತಿಂಗಳಿಗೊಮ್ಮೆ ಮೊಣಕಾಲುದ್ದ ಇಳಿಯುತ್ತೇನೆ.
ಗಾಜಿನ ಕೊಳವೆ ತುಂಬಿ ಮೇಲಿನಿಂದ ಇಣುಕುತ್ತೇನೆ.
ತಳದಲ್ಲೊಂದು ಕಪ್ಪು ಗುರುತು;
ಕಾಣುವ ತನಕ ನೀರು ಚೆಲ್ಲುತ್ತ ಹೋಗಬೇಕು.
ಆ ಮಾರ್ಚಿನಲ್ಲಿ ಚೆಲ್ಲಿದೆ, ಚೆಲ್ಲಿದೆ,
ಗೇಣುದ್ದಕ್ಕೆ ಬಂದಾಗ ಕಂಡಿತು.

ಮಳೆ ನಿಂತರೂ ಮರದ ಹನಿ ನಿಲ್ಲದು ಅಂತ
ನಮ್ಮಲ್ಲಿ ಬೇಸರಕ್ಕೆ ಹೇಳುತ್ತಾರೆ,
ಮುಗಿದ ಜಗಳ ಮುಗಿಯದಿದ್ದಾಗ.
ಈ ಊರಲ್ಲಿ ಹನಿಗೂ ಪುರುಸೊತ್ತಿಲ್ಲ.
ತಗಡು, ಟಾರು, ಗಟಾರ, ಹೊಳೆ:
ಹತ್ತೇ ನಿಮಿಷದ ಜಗಳ, ಅಷ್ಟರಲ್ಲೇ
ದಂಡೆ ಕಿತ್ತು, ಮೀನಿನ ಮೊಟ್ಟೆ ಕಿತ್ತು
ಕೊಲ್ಲಿಗೆ ಬಿದ್ದಿರುತ್ತದೆ.

ಮೇ ತಿಂಗಳು. ಪ್ಲೇನ್ ಮರದ ಎಲೆ ಉದುರಿ
ಗುಂಡಿಯ ಬಾಯಿ ಕಟ್ಟಿರುತ್ತದೆಂದು ಸಲಿಕೆ ಹಿಡಿದು ಹೋದರೆ
ಬಾಯಿ ಸ್ವಚ್ಛ. ಪಕ್ಕದಲ್ಲಿ ಎಲೆಯ ಗುಪ್ಪೆ,
ಅದಕ್ಕೊರಗಿದ ಪೊರಕೆ.
"ನಿಮಗೋಸ್ಕರ ಅಲ್ಲ," ಕಿಟಕಿಯಿಂದ ದನಿ.
"ನೀರು ಬಂದು ಹೊಸ್ತಿಲಲ್ಲೇ ನಿಂತಿತ್ತು.
ಬಂದವರನ್ನು ಹೊರಗೆ ನಿಲ್ಲಿಸಬಾರದು."

ಪುಟ್ಟ ಬಟ್ಟಲಲ್ಲಿ ಕಾಫಿ ಕೊಟ್ಟಳು, ಗಸಿ ಸಮೇತ.
"ಕುಲುಕಬೇಡ. ತಳಕ್ಕೆ ಕೂರಲಿ."
ಲಾಕ್ಲನ್ ಮೂರು ಸಭೆ ಕರೆದು ವಿವರಿಸಿದ್ದು ಇಷ್ಟನ್ನೇ.

ನೀರು ಹೀಗೆ ಒಳಗೆ ಹೋಗುವುದಕ್ಕೆ
ನಿನ್ನ ಭಾಷೆಯಲ್ಲಿ ಏನನ್ನುತ್ತಾರೆ?
ಇಂಗು, ಅಂದೆ.
ಇಂ-ಗು. ಗಂಟಲಿಗಿಳಿಸಿ ನೋಡಿದಳು.
ನಮ್ಮ ಒಗ್ಗರಣೆ ಡಬ್ಬಿಯಲ್ಲೂ ಒಂದು ಇಂಗಿದೆ,
ಇಡೀ ಪಾತ್ರೆಗೆ ಚಿಟಿಕೆ ಸಾಕು
ಅಂತ ಹೇಳಹೊರಟು ಸುಮ್ಮನಾದೆ.
ಇಷ್ಟು ದೊಡ್ಡ ಊರಿಗೆ ಒಂದು ಗುಂಡಿ;
ಚಿಟಿಕೆ ಸಾಕಾಗುತ್ತದೆಂದು ಯಾರು ಹೇಳಿದರು?

ಕಾರು ಈಗ ಎದುರುಮನೆ ಮುಂದೆ ನಿಲ್ಲುತ್ತದೆ.
ಗೊಣಗುವುದು ಈಗ ವಿಟ್ಟೋರಿಯೊನ ಸರದಿ.

ಆಗಸ್ಟಿನ ಒಂದು ರಾತ್ರಿ ಫೋನು:
"ಮಳೆ ನಿಂತು ಗಂಟೆಯಾಯಿತು, ನಿಮ್ಮ ಪೈಪು ಸೋರುತ್ತಿದೆ."
ಹೋದೆ. ಕಬ್ಬಿಣದ ಜಾಲರಿಗೆ ಇಬ್ಬರೂ ಕಿವಿಯಿಟ್ಟೆವು.
ಟಪ್.
ತುಂಬ ಹೊತ್ತು ಬಿಟ್ಟು,
ಟಪ್.
ಸೋರುತ್ತಿಲ್ಲ, ಅಂದೆ. ಅದರ ಕೆಲಸವೇ ಇದು.
"ಹಾಗಾದರೆ ನಿಧಾನಕ್ಕೇ ಮಾಡಲಿ," ಅಂದು
ಮಂಡಿ ಹಿಡಿದು ಎದ್ದಳು.

ಸೆಪ್ಟೆಂಬರಿನ ಕೊಳವೆಯಲ್ಲಿ ಗುರುತು
ಎರಡು ಬೆರಳು ಮೊದಲೇ ಕಂಡಿತು.
ಎರಡು ಬೆರಳು ಏನೂ ಅಲ್ಲ. ಬಿಸಿಲಿರಬಹುದು,
ನನ್ನ ಹೊಸ ಕನ್ನಡಕ ಇರಬಹುದು.
ಪುಸ್ತಕದಲ್ಲಿ ಹಾಗೇ ಬರೆದೆ, ಕನ್ನಡಕದ ಸಮೇತ.
ಕಲ್ಲೊಂದನ್ನು ಮಗುಚಿದರೆ ಅಡಿಯಲ್ಲಿ
ಕಡ್ಡಿಚೂರು ಅಂಟಿಸಿ ಕಟ್ಟಿದ ಮನೆ ಹೊತ್ತು
ಒಂದು ಹುಳ. ಎಣಿಸಿದೆ: ಒಂದು.
ಕಲ್ಲನ್ನು ಇದ್ದ ಹಾಗೇ ಇಟ್ಟೆ.