ಗೀರು

ಬೆಳಿಗ್ಗೆ ಹಾಲಿನ ಪಾಕೀಟು ತರಾಕ ಹೊಂಟಾಕಿ
ಗೇಟಿನ್ಯಾಗ ನಿಂತಬಿಟ್ಟೆ.
ಮಗಳ ಕಾರಿಗೆ ಯಾರೋ ಮೊಳೆ ಎಳೆದಿದ್ರು,
ಮುಂದಿನ ದೀಪದಿಂದ ಹಿಂದಿನ ದೀಪದ ತನಕ
ಒಂದ ಉಸುರಿನ ಗೀರು.
ಎಡಗಡೆ ಕನ್ನಡಿ ವೈರಿಗೆ ಜೋತಾಡತಿತ್ತು.
ಹಿಂದಿನ ಎರಡೂ ಗಾಲಿ
ದಣಿದ ಎಮ್ಮಿಯಂಗ ನೆಲಕ್ಕ ಕುಂತಿದ್ದವು.

ಬಾನೆಟ್ ಮ್ಯಾಲ ಒಂದು ಶಬ್ದ. ಓದಿದೆ.
ಓದಿಲ್ಲ ಅನ್ನೋಹಂಗ ನಿಂತೆ.

ಹಳೇ ಮಾರುತಿ, ಇಳಕಲ್ಲಿನ ಡಾಕ್ಟರು ಮಾರಿದ್ದು.
ಅರ್ಧ ರೊಕ್ಕ ನಮ್ಮದು, ಅರ್ಧ ಸಿಂಚನಾದು,
ಸೆಕ್ಟರಿನ ಹುಡುಗರಿಗೆ ಲೆಕ್ಕ ಹೇಳಿಕೊಟ್ಟು ಕೂಡಿಸಿದ್ದು.
ಸೀಟಿಗೆ ನಮ್ಮತ್ತಿ ಗುಳೇದಗುಡ್ಡದ ಖಣ ಹೊಲದು ಹಾಕಿದ್ರು.
ಒಳಗ ಖಣ ಹಂಗ ಇತ್ತು, ಕುಬಸದ ಹೊಳಪಿನ್ಯಾಗ.

ಹಲ್ಲುಜ್ಜಕೋತ ಹೊರಗ ಬಂದಳು.
ನಾ ಆಡಿದ ಮೊದಲ ಮಾತು:
'ಯಾರ ಜೋಡಿ ಏನ ಮಾಡಕೊಂಡಿದ್ದಿ?'

ಬಾಯಾಗಿನ ನೊರಿ ಆಕಿ ಉಗುಳಲಿಲ್ಲ,
ನುಂಗಿದಳು.
ಬಾಗಿಲ ಹಾಕ್ಕೊಂಡಳು.

ನಾ ಬಕೀಟು ತಂದೆ, ತಿಕ್ಕಿದರ ಹೋದೀತು ಅಂತ.
ಇವರು ಕೈ ಹಿಡಿದ್ರು:
'ತೊಳಿಬ್ಯಾಡ. ಮೊದಲ ಫೋಟೋ.'
ಬಾಜೂ ಮನಿ ವೈನಿ ಕಂಪೌಂಡಿನ ಮ್ಯಾಲಿಂದ,
'ಹುಡುಗಿಗೆ ಕೊಡಸಬಾರದಿತ್ತು ನೋಡ್ರಿ' ಅಂದ್ರು,
ಪಲ್ಯಾಕ್ಕ ಉಪ್ಪು ಹೆಚ್ಚಾತು ಅನ್ನೋ ದನಿಯಾಗ.

ಆ ಬಕೀಟು ಹಿಡಕೊಂಡು ನಿಂತಾಗ ನೆನಪಾತು:
ಊರು ಮುಳುಗೋ ಮುಂದ,
ಕಿಲ್ಲಾ ಓಣಿಯ ನಮ್ಮ ತಲಬಾಗಿಲ ಮ್ಯಾಲ
ಸರ್ವೇದವರು ಕೆಂಪು ಬಣ್ಣದಾಗ ನಂಬರ್ ಬರದಿದ್ರು.
ನಾ ಏಳನೇತ್ತ. ಅವ್ವ ಸುಣ್ಣ ಬಳದಳು.
ಮಂಗಳವಾರ ಮತ್ತ ಬಂದು ಬರದ್ರು.
ಅಳಿಸಿದಳು. ಬರದ್ರು.
ಆದರ ಒಬ್ಬರೂ ಅವ್ವನ್ನ ಕೇಳಲಿಲ್ಲ,
ನೀ ಏನ ತಪ್ಪು ಮಾಡಿದ್ದಿ ಅಂತ.

ಬಕೀಟು ಇಟ್ಟೆ. ಬಾಗಿಲ ಬಡದೆ.
'ನಾ ಕೇಳಬಾರದಿತ್ತು' ಅಂದೆ, ಹೊರಗಿಂದನ.
ಭಾಳ ಹೊತ್ತಿನ ಮ್ಯಾಲ ಒಳಗಿಂದ:
'ಯಾರಂತ ನನಗೂ ಗೊತ್ತಿಲ್ಲವ್ವಾ.
ಗೊತ್ತಿದ್ರೂ ನಿನಗ ಹೇಳಬಾರದು ಅಂದಕೊಂಡಿದ್ದೆ.'
ಆಮ್ಯಾಲ, ಮೂಗು ಏರಿಸಿಕೋತ,
'ಒತ್ತಕ್ಷರನೂ ತಪ್ಪು ಬರದಾನ ಭಾಡ್ಯಾ.'
ನಾನು ನಕ್ಕೆ. ಆಕಿ ನಗಲಿಲ್ಲ,
ಆದರ ಚಿಲಕ ತಗದಳು.

ಠಾಣೆಯಾಗ ರೈಟರು ಪೆನ್ನ ತೆರೀಲಿಲ್ಲ.
'ಹುಡುಗರ ಚೇಷ್ಟಾ ಇರತೈತ್ರೀ. ಅಷ್ಟಕ್ಕೂ
ಈ ವಯಸ್ಸಿನಾಗ ಈಕಿಗೆ ಕಾರ್ ಯಾಕ?'
ಸಿಮೆಂಟ್ ಫ್ಯಾಕ್ಟರಿಯ ತೂಕದ ಕಟ್ಟಿ ಮ್ಯಾಲ
ಇಪ್ಪತ್ತೊಂದು ವರ್ಷ ಲಾರಿ ತೂಗಿದ ಮನಷ್ಯಾ ಇವರು.
ದನಿ ಏರಿಸಲಿಲ್ಲ.
'ಕಾರ್ ಯಾಕ ಅನ್ನೋದು ಆಮ್ಯಾಲ ಮಾತಾಡೋಣ್ರಿ.
ಮೊದಲ ಏನೇನ ಒಡದೈತಿ, ಬರಕೋರಿ.
ಮಗಳ ಹೇಳತಾಳ.'
ಹೇಳಿದಳು. ಶಬ್ದ ಬಂದಾಗ ಅಲ್ಲೇ ತಡದಳು.
ನಾ ಫೋಟೋ ತೋರಿಸಿದೆ.
ರೈಟರಿನ ಕಿವಿ ಕೆಂಪಾದವು. ಬರಕೊಂಡ್ರು.

ಯಾರಂತ ಇನ್ನೂ ಗೊತ್ತಾಗಿಲ್ಲ.
ಮೆಡಿಕಲ್ ಅಂಗಡಿಯ ಕ್ಯಾಮೆರಾದಾಗ
ಒಂದು ಟೊಪ್ಪಿಗಿ, ಒಂದು ನಾಯಿ ಅಷ್ಟ.
ಮೂರು ರಾತ್ರಿ ಇವರು ಪಾವಟಿಗಿ ಮ್ಯಾಲ ಕುಂತ್ರು
ಬ್ಯಾಟ್ರಿ ಹಿಡಕೊಂಡು. ನಾಕನೇ ರಾತ್ರಿ
ಸಿಂಚನಾ ಬ್ಯಾಟ್ರಿ ಕಸಗೊಂಡು,
'ಮಲಕೋ ಅಪ್ಪಾ' ಅಂದಳು.

ಬಾನೆಟ್ಟಿಗೆ ಬಣ್ಣ ಹೊಡಸೀವಿ. ಬಾಗಿಲ ಗೀರು ಇರಲಿ,
ಮುಂದಿನ ತಿಂಗಳ ನನ್ನ ರೊಕ್ಕದಾಗ ನಾನ ಹೊಡಸತೀನಿ ಅಂತಾಳ.
ಕನ್ನಡಿ ಹುಬ್ಬಳ್ಳಿಯಿಂದ ಬರಬೇಕು.

ಬರೋ ತನಕ ಎಡಗಡೆ ಸೀಟು ನಂದು.
ಖಣದ ಮ್ಯಾಲ ಕುಂತು, ಕಿಡಕ್ಯಾಗ ಮುಖ ಹಾಕಿ,
'ಸೈಕಲ್ ಐತಿ, ತಡಿ. ಹಾಂ, ಬಾ.
ಇನ್ನಷ್ಟು ಬಾ' ಅಂತೀನಿ.
ಬ್ಯಾರೆ ಏನೂ ಕೇಳಂಗಿಲ್ಲ.
ಕೇಳಾಕ ಬಾಯಿ ಬರತೈತಿ, ಖರೇ.
ಆಗ ಹಿಂದ ಯಾವುದರ ಗಾಡಿ ಬರತೈತೇನಂತ ನೋಡತೀನಿ.