ಪೆನ್ಸಿಲ್ಲಿನ ಹೆಸರು

ಹಾಜರಿ ಪುಸ್ತಕದಲ್ಲಿ ಎಪ್ಪತ್ತೆರಡು ಹೆಸರು, ಶಾಯಿಯಲ್ಲಿ.
ಕೆಳಗೆ, ಗೆರೆ ಮುಗಿದ ಮೇಲೆ, ಪೆನ್ಸಿಲ್ಲಿನಲ್ಲಿ ಮೂರು:
ಶವಾಗಾರದಿಂದ ಬರುವ ಇಸ್ಮತ್,
ಅಂಕಿಸಂಖ್ಯೆಯ ಕೀರ್ತನ್ ಆಳ್ವ,
ಮೀನಿನ ವಿನುತಾ, ಅಂದರೆ ನಾನು.

ನಮಗೆ ಪರೀಕ್ಷೆ ಇಲ್ಲ, ಕರಿ ಕೋಟೂ ಇಲ್ಲ.
ಎಕ್ಕೂರಿನಲ್ಲಿ ಬಸ್ಸು ಹತ್ತಿ
ಬಲ್ಲಾಳ್‌ಬಾಗಿನಲ್ಲಿ ಇಳಿಯುವವರೆಗೆ
ಕಂಡಕ್ಟರ್ ಮೂಗು ಅತ್ತ ತಿರುಗಿಸಿಯೇ ನಿಲ್ಲುತ್ತಾನೆ.
ಫಾರ್ಮಲಿನ್ ಎರಡು ಸಾಬೂನಿಗೆ ಹೋಗುವಂಥದ್ದಲ್ಲ.
ಕಿಟಕಿ ಬದಿಯ ಕೊನೆಯ ಬೆಂಚು ನಮ್ಮದು.
ಒಡೆತನ ಅಲ್ಲ ಮಾರಾಯ್ತಿ, ಬರೀ ಸ್ವಾಧೀನ,
ಎನ್ನುತ್ತಾನೆ ಕೀರ್ತನ್, ಮೂರು ವಾರದಲ್ಲಿ ಕಲಿತ ಎರಡು ಶಬ್ದಗಳನ್ನು
ಹೊಸ ಚಪ್ಪಲಿಯ ಹಾಗೆ ಹೋದಲ್ಲೆಲ್ಲ ಮೆಟ್ಟಿಕೊಂಡು.

ಮೊದಮೊದಲು ತಮಾಷೆ ಕಾಣುತ್ತಿತ್ತು.
ಮೀನು ಸತ್ತು ತೇಲಿದರೆ ನಾವು ಕೇಳುವುದು, ಯಾಕೆ?
ಇಲ್ಲಿ ಕೇಳುವುದು, ಯಾರದ್ದು?
'ಬಹುಶಃ' ಎಂದರೆ ನಮ್ಮಲ್ಲಿ ಮರ್ಯಾದೆ,
ಇಲ್ಲಿ ಎದುರು ಪಕ್ಷಕ್ಕೆ ಹಬ್ಬ.
ಸತ್ತ ಗಂಟೆ ಅಷ್ಟು ಸರಿಯಾಗಿ ಹೇಳಲಿಕ್ಕಾಗುವುದಿಲ್ಲ ಮೇಡಂ,
ಹೆಣ ಗಡಿಯಾರ ಅಲ್ಲ, ಎಂದಳು ಇಸ್ಮತ್ ಒಂದು ದಿನ.
ಎಪ್ಪತ್ತೆರಡು ಪೆನ್ನು ಒಟ್ಟಿಗೆ ನಿಂತವು.

ಗುರುವಾರ ಪ್ರೆಸಿಲ್ಲಾ ಮೇಡಂ ಒಂದು ಹಳೆಯ ಮೊಕದ್ದಮೆ ತಂದರು,
ಯಾವುದೋ ದೂರದ ಕಡಲಿನದ್ದು.
ಒಬ್ಬನ ಬಲೆ ಮೀನಿನ ಸುತ್ತ ಹತ್ತಿರ ಹತ್ತಿರ ಮುಚ್ಚಿದೆ,
ಕೆಲವೇ ಮಾರು ಬಾಕಿ.
ಆ ಸಂದಿಯಲ್ಲಿ ಇನ್ನೊಬ್ಬನ ದೋಣಿ
ನುಗ್ಗಿತು, ಬಾಚಿತು, ಹೋಯಿತು.
ಮೀನು ಯಾರದ್ದು?

ಪೂರ್ತಿ ಮುಚ್ಚದ ಬಲೆಯ ಮೀನು ಯಾರದ್ದೂ ಅಲ್ಲ
ಎಂದಿತು ಮುಂದಿನ ಬೆಂಚು, ಪುಟಸಂಖ್ಯೆ ಸಮೇತ.
ವಿನುತಾ, ನೀವು ಹೇಳಿ.
ಎದ್ದು ನಿಂತು ಕೇಳಿದೆ: ಯಾವ ಮೀನು ಮೇಡಂ?
ಕ್ಲಾಸು ನಗಾಡಿತು.
ಅಲ್ಲ, ಬೂತಾಯಿಯೋ ಬಂಗುಡೆಯೋ,
ನೀರು ಕದಡಿತ್ತೋ, ತಿಂಗಳ ಬೆಳಕಿತ್ತೋ,
ಬುಡದ ಹಗ್ಗ ಎಳೆದಾಗಿತ್ತೋ ಇಲ್ಲವೋ?
ಎಳೆಯದಿದ್ದರೆ ಮೇಲೆ ಎಷ್ಟು ಮುಚ್ಚಿದರೂ
ಕೆಳಗೆ ಇಡೀ ಸಮುದ್ರ ತೆರೆದುಕೊಂಡೇ ಉಂಟಲ್ಲ.

ಮೇಡಂ ನಗಲಿಲ್ಲ. ಬೋರ್ಡಿನ ಮೇಲೆ ಬರೆದರು: ಬುಡದ ಹಗ್ಗ.
ಬರೆದು ತನ್ನಿ, ಎಂದರು.

ಬರೆದೆ. ಎರಡನೆಯ ಪುಟ ತನ್ನಷ್ಟಕ್ಕೆ ಹೆಜಮಾಡಿಗೆ ಹೋಯಿತು,
ದೊಡ್ಡಮ್ಮ ಹೇಳುತ್ತಿದ್ದ ದಂಡೆಗೆ:
ಕೈರಂಪಣಿಯ ಹಗ್ಗಕ್ಕೆ ಕೈ ಕೊಟ್ಟವರಿಗೆಲ್ಲ ಪಾಲು,
ಬಸ್ಸು ತಪ್ಪಿ ಸುಮ್ಮನೆ ನಿಂತಿದ್ದವ
ನಾಲ್ಕು ಎಳೆತ ಎಳೆದರೂ ಒಂದು ಹಿಡಿ.
ಬಲೆ ಯಾವಾಗ ಮುಚ್ಚಿತು ಎಂದು ಯಾರೂ ಕೇಳುತ್ತಿರಲಿಲ್ಲ.
ಅಂಗೈ ತೋರಿಸು, ಎನ್ನುತ್ತಿದ್ದರು.

ಸೋಮವಾರ ಹಾಳೆ ಮರಳಿತು. ಅಂಕ ಇಲ್ಲ.
ಅಂಗೈಯ ಸಾಲಿನ ಪಕ್ಕ ಕೆಂಪಿನಲ್ಲಿ ಒಂದೇ ಶಬ್ದ:
ಆಧಾರ?

ಸಿಟ್ಟು ಬಂತು. ಪಂಪ್‌ವೆಲ್ ದಾಟುವವರೆಗೂ ಇತ್ತು.

ರಾತ್ರಿ ಲ್ಯಾಬಿನಲ್ಲಿ, ಸಾಲು ಬಾಟಲಿಗಳ ಎದುರು,
ಅದೇ ಶಬ್ದ ನನ್ನ ಕಡೆ ತಿರುಗಿ ಕೂತಿತು.
ಪ್ರತಿ ಚೀಟಿಯಲ್ಲೂ ನನ್ನದೇ ಅಕ್ಷರ:
ಸ್ಥಳ ದಕ್ಕೆ. ಸಂಗ್ರಹ ವಿ. ಮೆಂಡನ್.
ಯಾವ ಹಗ್ಗ ಎಳೆದಿದ್ದೆ ನಾನು?
ಓದುವ ಮಗು, ತೆಗೆದುಕೊಂಡು ಹೋಗು ಎಂದು
ಬುಟ್ಟಿಯ ತಳದಿಂದ ಆರಿಸಿ ಕೊಟ್ಟವರು
ನನ್ನ ಯಾವ ಚೀಟಿಯಲ್ಲೂ ಇಲ್ಲ.

ಮುಚ್ಚಳ ತೆರೆದೆ. ಮೂಗು ಉರಿಯಿತು.
ಸ್ಪಿರಿಟಿನಲ್ಲಿ ಶಾಯಿ ಕದಡಿ ಹೋಗುತ್ತದೆ,
ಒಳಗಿನ ಚೀಟಿಗೆ ಪೆನ್ಸಿಲ್ಲೇ ಆಗಬೇಕು,
ಮೊದಲ ವರ್ಷದಲ್ಲೇ ಕಲಿಸಿದ ಪಾಠ ಅದು.
ಒಂದನೆಯದು, ಕೊಟ್ಟದ್ದು ಸುಂದರಿ.
ಎರಡು, ಮೂರು, ಗುಲಾಬಿ ಕರ್ಕೇರ.
ನಾಲ್ಕು, ಸುಂದರಿಯೇ, ಸಾಲಕ್ಕೆ.

ಐದನೆಯದು ಹಸಿರು ಸೀರೆಯ ಹೆಂಗಸು.
ಹೆಸರು ಕೇಳಿಯೇ ಇರಲಿಲ್ಲ.
ನಾಳೆ ಹೋಗಬೇಕು, ಏಲಂ ಶುರುವಾಗುವ ಮೊದಲು.